ಹುಟ್ಟಿಗೆ ಮೊದಲೇ ತಗಲುವ ಸೋಂಕು

೧೯೪೧ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು ಒಂದು ವಿಚಿತ್ರವನ್ನು ವರದಿಮಾಡಿದರು. ವೃದ್ಧರಲ್ಲಿ ನಾವು ಕಾಣುವ ಕಣ್ಣಿನ ಪೊರೆ ಹಸುಗೂಸುಗಳಲ್ಲಿ ತೋರಿತ್ತು. ಅಂತಹ ೭೮ ಶಿಶುಗಳ ಪೈಕಿ ೬೮ರ ತಾಯಂದಿರಿಗೆ ಗರ್ಭಿಣಿಯರಾಗಿದ್ದಾಗ ಜರ್ಮನ್ ದಡಾರ, ಎಂದರೆ ರುಬೆಲ್ಲ, ಬಂದಿದ್ದಿತು. ಮೂರು ದಿನ ಮೈಮೇಲೆ ಕೆಂಪು ದದ್ದು ಎದ್ದು ಮಾಯವಾಗುವ ಈ ರೋಗವನ್ನು ಅದುವರೆಗೆ ಯಾರೂ ಅಷ್ಟಾಗಿ ಲಕ್ಷಿಸಿರಲಿಲ್ಲ.

ಇಷ್ಟು ಸೌಮ್ಯವಾದ ರೋಗವು ಶಿಶುವನ್ನು ಹೀಗೆ ಕಾಡುವುದೇಕೆಂದು ನೋಡೋಣ. ಗರ್ಭದ ಮೊದಲ ಮೂರು ತಿಂಗಳಲ್ಲಿ ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುತ್ತವೆ. ಆಗ ತಾಯಿಯ ರಕ್ತದಲ್ಲಿರುವ ವೈರಸ್ ಮಾಸನ್ನು ದಾಟಿ ಭ್ರೂಣವನ್ನು ಹೊಕ್ಕು ಜೀವಕೋಶಗಳ ವಿಭಜನೆಯನ್ನು ಕುಂಠಿತಗೊಳಿಸುತ್ತದೆ. ತಾಯಿ ಬೇಗನೆ ಗುಣ ಹೊಂದುತ್ತಾಳೆ. ಮಗುವಿನ ದೇಹದಲ್ಲಾದರೋ ವೈರಸ್ ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಉಳಿದಿರುತ್ತದೆ.

ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಹೃದಯದ ಕೆಲವು ದೋಷಗಳನ್ನೂ ಸರಿಪಡಿಸಬಹುದು. ಕಿವುಡಿನ ಮಾತೇ ಬೇರೆ. ಹುಟ್ಟಿದಾಗ ಕೇಳಿಸುತ್ತಿದ್ದ ಕಿವಿಯೂ ಕೆಲವು ವರ್ಷಗಳಲ್ಲಿ ಮಂದವಾಗುವುದುಂಟು. ಕೇಳಿಸದ ಕಾರಣ ಮಾತು ಕಲಿಯದ ಕೂಸನ್ನು ನಾವು ದಡ್ಡನೆಂದು ಎಣಿಸಿಬಿಡುತ್ತೇವೆ; ಇದು ರೋಗಕ್ಕಿಂತ ಕ್ರೂರವಾದ ಅನ್ಯಾಯ. ಗ್ರೆಗ್ ಅವರ ಕಾಲದಲ್ಲಿ ಹೀಗೆ ಜನಿಸಿದ ಕೆಲವರನ್ನು ವೈದ್ಯರು ೬೦ ವರ್ಷಗಳ ತರುವಾಯವೂ ಪರೀಕ್ಷಿಸಿದರು. ಸಿಹಿಮೂತ್ರ ರೋಗವೂ ಥೈರಾಯ್ಡ್ ಗ್ರಂಥಿಯ ವಿಕಾರವೂ ಅವರಲ್ಲಿ ಇತರರಿಗಿಂತ ಹೆಚ್ಚಾಗಿದ್ದುವು.

೧೯೬೪-೬೫ರಲ್ಲಿ ಅಮೆರಿಕದಲ್ಲಿ ಹಬ್ಬಿದ ಪಿಡುಗಿನಿಂದ ಸುಮಾರು ೨೦,೦೦೦ ಶಿಶುಗಳು ಈ ದೋಷಗಳೊಡನೆ ಜನಿಸಿದುವು. ೧೯೬೯ರಲ್ಲಿ ಲಸಿಕೆ ಬಂದಿತು. ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲ ಲಸಿಕೆಯ ಅಭಿಯಾನ ನಡೆದಾಗ ನಮ್ಮ ವಾಚಕರಲ್ಲಿ ಹಲವರು ಶಾಲೆಯಲ್ಲಿಯೇ ತೋಳು ಒಡ್ಡಿರಬೇಕು. ಗರ್ಭಿಣಿಯರಿಗೆ ಮಾತ್ರ ಇದನ್ನು ಕೊಡುವುದಿಲ್ಲ. ಇದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್.