ಆಸ್ಕಾನ್: ಭದ್ರತೆಯೂ ಬೇಕು, ಚಿಪ್ಪಿನಲ್ಲಿ ಜಾಗವೂ ಉಳಿಯಬೇಕು

ಬರಿಯ ಎನ್‌ಕ್ರಿಪ್ಷನ್ ಸಂದೇಶವನ್ನು ಮುಚ್ಚಿಡುತ್ತದೆ; ದಾರಿಯಲ್ಲಿ ಯಾರಾದರೂ ಅದನ್ನು ತಿದ್ದಿದರೇ ಎಂಬುದನ್ನು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವುದು ಅಥೆಂಟಿಕೇಟೆಡ್ ಎನ್‌ಕ್ರಿಪ್ಷನ್. ಸಂದೇಶದ ಜೊತೆ ಹೋದ ಟ್ಯಾಗ್ (ತಾಳೆ ನೋಡುವ ಗುರುತು) ತಾಳೆಯಾಗದಿದ್ದರೆ ಸಂದೇಶವೇ ತಿರಸ್ಕೃತ. ಆಸ್ಕಾನ್ ಇಂಥದೇ ಒಂದು ವಿಧಾನ; ಎರಡು ಸ್ಪರ್ಧೆಗಳಲ್ಲಿ ಅದು ಆಯ್ಕೆಯಾಯಿತು.

1. ಅಥೆಂಟಿಕೇಟೆಡ್ ಎನ್‌ಕ್ರಿಪ್ಷನ್ ವಿಧಾನಗಳಿಗಾಗಿ ನಡೆದ ಸೀಸರ್ ಸ್ಪರ್ಧೆ: 2014ರಲ್ಲಿ 57 ಪ್ರವೇಶಗಳು, ಅಂತಿಮ ಪಟ್ಟಿ 2019ರಲ್ಲಿ. ಹಗುರ ಸಾಧನಗಳ ವಿಭಾಗದಲ್ಲಿ ಮೊದಲ ಆಯ್ಕೆ ಆಸ್ಕಾನ್, ಎರಡನೆಯದು ಏಕಾರ್ನ್.

2. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಹಗುರ ಸಾಧನಗಳಿಗಾಗಿ ನಡೆಸಿದ ಸ್ಪರ್ಧೆ: ಇಲ್ಲಿಯೂ ಬಂದದ್ದು 57! ಗೊಂದಲಕ್ಕೆ ಹೇಳಿ ಮಾಡಿಸಿದ ಅಂಕಿ. ಮೊದಲ ಸುತ್ತಿನಲ್ಲಿ 56, ಎರಡರಲ್ಲಿ 32, ಕೊನೆಯಲ್ಲಿ 10. ಆಸ್ಕಾನ್ ಆಯ್ಕೆಯಾದದ್ದು ಫೆಬ್ರವರಿ 2023. ಮಾನದಂಡವಾಗಿ ಪ್ರಕಟವಾದದ್ದು ಆಗಸ್ಟ್ 2025, ಎಸ್‌ಪಿ 800-232.

ಇಂಥ ವಿಧಾನಗಳ ಹಾರ್ಡ್‌ವೇರ್ ಅಳತೆಯೇ ಪರೀಕ್ಷೆ ಬರೆಯುವವರು ಎಡವುವ ಜಾಗ. ಎಫ್‌ಪಿಜಿಎಯಲ್ಲಿ (ಬೇಕಾದಂತೆ ಮರುರೂಪಿಸಬಹುದಾದ ಚಿಪ್ಪು) ಎಷ್ಟು ಲುಕ್‌ಅಪ್ ಟೇಬಲ್ ಬಳಕೆಯಾಯಿತು, ಚಿಪ್ಪಿನಲ್ಲಿ ಎಷ್ಟು ಗೇಟ್‌ಗಳಿಗೆ ಸಮನಾದ ಜಾಗ ಹಿಡಿಯಿತು, ಸೆಕೆಂಡಿಗೆ ಎಷ್ಟು ಬಿಟ್ ಸಾಗಿತು ಎಂದು ನೋಡುತ್ತಾರೆ. ವೇಗವನ್ನು ಜಾಗದಿಂದ ಭಾಗಿಸಿದರೆ ದಕ್ಷತೆ. ಬೇರೆ ಬೇರೆ ಮಾದರಿಯ ಎಫ್‌ಪಿಜಿಎಗಳ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ಮಾನದಂಡದಲ್ಲಿರುವ ಆಸ್ಕಾನ್-ಎಇಎಡಿ128: ಕೀ, ನಾನ್ಸ್ (ಒಮ್ಮೆ ಮಾತ್ರ ಬಳಸುವ ಸಂಖ್ಯೆ), ಟ್ಯಾಗ್ ಮೂರೂ 128 ಬಿಟ್. ಆಂತರಿಕ ಸ್ಥಿತಿ 320 ಬಿಟ್, ಅಂದರೆ 64 ಬಿಟ್‌ನ ಐದು ಪದ.

ನಾನ್ಸ್ ಗುಟ್ಟಾಗಿರಬೇಕಿಲ್ಲ, ಆದರೆ ಅದೇ ಕೀ ಜೊತೆ ಮರುಬಳಕೆಯಾಗಬಾರದು. ವ್ಯಾಪಕ ಬಳಕೆಯ ಎಇಎಸ್ ಗೂಢಲಿಪಿಯನ್ನು ಆಧರಿಸಿದ ಎಇಎಸ್-ಜಿಸಿಎಂನಲ್ಲಿ ಹಾಗಾದರೆ ನಕಲಿ ಟ್ಯಾಗ್ ಸೃಷ್ಟಿಗೇ ದಾರಿಯಾಗುತ್ತದೆ. ಗಣಿತ ಗಟ್ಟಿಯಿದ್ದರೂ ವಿದ್ಯುತ್ ಬಳಕೆಯ ಏರಿಳಿತ ಅಳೆದು ಕೀ ಕದಿಯುವ ಸೈಡ್-ಚಾನಲ್ ದಾಳಿ ಬೇರೆಯೇ ಪರೀಕ್ಷೆ.

ಆಸ್ಕಾನ್ ಇರುವುದು ಹಗುರ ಸಾಧನಗಳಿಗಾಗಿ; ಹಾಗಾಗಿ ಎಇಎಸ್‌ಗೆ ಆಸ್ಕಾನ್ ಬದಲಿ ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ‘ತಪ್ಪು’ ಎಂದೇ ಗುರುತಿಸಿ.