ಆಗತಾನೆ ಹುಟ್ಟಿದ ಕರುವಿನ ಉಸಿರಾಟ ಮತ್ತು ದೇಹಸ್ಥಿತಿಯ ಪರೀಕ್ಷೆ

ಪುತ್ತೂರು, ಸುಳ್ಯ, ಕಡಬ ಸೀಮೆಗಳ ಅಡಿಕೆತೋಟಗಳಿಗೆ ಹಟ್ಟಿಗೊಬ್ಬರವು ಎಷ್ಟು ಅವಶ್ಯವೆಂಬುದು ಸರ್ವವಿದಿತವು. ಹಟ್ಟಿಯು ತುಂಬಿರಬೇಕಾದರೆ ಹುಟ್ಟಿದ ಕರು ಬದುಕಬೇಕು. ಕೊಯಿಲದ ಸರಕಾರೀ ಕ್ಷೇತ್ರದಲ್ಲಿಯೂ ಸಾಕಲ್ಪಡುವ ಮಲೆನಾಡು ಗಿಡ್ಡ ತಳಿಯ ಕರು ಚಿಕ್ಕದು. ಹಸುವು ಸಾಮಾನ್ಯವಾಗಿ ಸುಲಭದಲ್ಲಿ ಕರು ಹಾಕುವುದು. ಜೆರ್ಸಿ ಮೊದಲಾದ ಮಿಶ್ರತಳಿಗಳಲ್ಲಿಯಾದರೋ ಕರು ದೊಡ್ಡದಾಗಿ, ಪ್ರಸವವು ತಡೆದು, ಉಸಿರು ಕಟ್ಟಿದ ಕರು ಹುಟ್ಟುವುದುಂಟು. ಅಂಥ ಕರುವಿನ ಅಳಿವು ಉಳಿವು ಮೊದಲಿನ ಐದು ನಿಮಿಷಗಳಲ್ಲಿಯೇ ನಿರ್ಧಾರವಾಗುವುದು.

ಉಸಿರಾಟ.— ಹೊಕ್ಕುಳಬಳ್ಳಿ ಹರಿದೊಡನೆ ತಾಯಿಯಿಂದ ಬರುತ್ತಿದ್ದ ಪ್ರಾಣವಾಯುವು ನಿಲ್ಲುವುದರಿಂದ, ಅರ್ಧ ನಿಮಿಷದೊಳಗೆ ಕರು ತಾನಾಗಿ ಉಸಿರೆಳೆಯಬೇಕು. ಪಕ್ಕೆಯು ಏಳುವುದನ್ನು ನೋಡಿ ಗಡಿಯಾರವಿಟ್ಟು ಎಣಿಸತಕ್ಕದ್ದು. ಹೊಸತರಲ್ಲಿ ನಿಮಿಷಕ್ಕೆ ಸುಮಾರು ೫೦ರಿಂದ ೭೫ ಉಸಿರು ಇರುವುದು. ಬಾಯಿ ತೆರೆದು ಏದುವುದು, ನಡುನಡುವೆ ಉಸಿರು ನಿಲ್ಲುವುದು, ಇವು ಅಪಾಯಸೂಚಕಗಳು. ವಸಡು ನಸುಗೆಂಪಾಗಿದ್ದರೆ ಲೇಸು. ನೀಲಿ ಅಥವಾ ಬಿಳಿಚಿದ್ದರೆ ಕೇಡು. ಎಡಮೊಣಕೈಯ ಹಿಂದೆ ಕೈಯಿಟ್ಟರೆ ಎದೆಬಡಿತ ತಿಳಿಯುವುದು. ಅದು ನಿಮಿಷಕ್ಕೆ ೧೦೦ರಿಂದ ೧೫೦ ಇರಬೇಕು.

ಉಪಚಾರ.— ಮೂಗು ಬಾಯಿಗಳ ಲೋಳೆಯನ್ನು ಬೆರಳಿನಿಂದ ತೆಗೆದು, ಕರುವನ್ನು ಎದೆಯ ಮೇಲೆ ನೆಟ್ಟಗೆ ಕುಳ್ಳಿರಿಸಿ, ಕಾಲುಗಳನ್ನು ಎರಡೂ ಬದಿಗೆ ಚಾಚತಕ್ಕದ್ದು. ಹೀಗೆ ಮಾಡಿದರೆ ಎರಡು ಶ್ವಾಸಕೋಶಗಳೂ ಅರಳುವುವು. ಬಳಿಕ ಬೈಹುಲ್ಲಿನ ಕಡ್ಡಿಯನ್ನು ಮೂಗಿನೊಳಗೆ ಆಡಿಸಬೇಕು. ತಲೆಯ ಮೇಲೆ ತಣ್ಣೀರು ಹೊಯ್ಯಬೇಕು. ಒಣಗೋಣಿಯಿಂದ ಬೆನ್ನು ಪಕ್ಕೆಗಳನ್ನು ಬಿರುಸಾಗಿ ಉಜ್ಜಬೇಕು. ಹಿಂಗಾಲು ಹಿಡಿದು ಬಹಳ ಹೊತ್ತು ತೂಗಹಾಕುವ ಪದ್ಧತಿಯು ಕೂಡದು. ಆಗ ಬೀಳುವ ನೀರಿನಲ್ಲಿ ಹೆಚ್ಚಿನದು ಹೊಟ್ಟೆಯದೇ. ಕರುಳುಗಳು ಎದೆಯನ್ನೊತ್ತಿ ಉಸಿರಾಟವನ್ನು ಮತ್ತಷ್ಟು ಕುಗ್ಗಿಸುವುವು.

ದೇಹಸ್ಥಿತಿ.— ಆರೋಗ್ಯವುಳ್ಳ ಕರು ಕೆಲವೇ ನಿಮಿಷಗಳಲ್ಲಿ ತಲೆಯೆತ್ತಿ, ಸುಮಾರು ಒಂದು ಗಂಟೆಯೊಳಗೆ ಏಳಲು ಯತ್ನಿಸಿ, ಎರಡು ಗಂಟೆಯೊಳಗೆ ಮೊಲೆಯನ್ನು ಹುಡುಕುವುದು. ಬಾಯಿಗೆ ಬೆರಳಿಟ್ಟಾಗ ಚೀಪದಿರುವುದು ಬಲಹೀನತೆಯ ಗುರುತು. ಮೈಯ ಕಾವು ೧೦೧ರಿಂದ ೧೦೩ ಡಿಗ್ರಿ ಫಾರನ್‌ಹೀಟಿನಷ್ಟಿರಬೇಕು. ಮಳೆಗಾಲದಲ್ಲಿ ಹಟ್ಟಿಯ ಸೊಪ್ಪು ನೆನೆದಿರುವುದರಿಂದ ಕರು ಬೇಗನೆ ತಣ್ಣಗಾಗುವುದು. ಆದಕಾರಣ ತಾಯಿ ನೆಕ್ಕಿದ ಮೇಲೆಯೂ ಮೈಯೊರಸಿ ಒಣ ಬೈಹುಲ್ಲಿನ ಮೇಲೆ ಮಲಗಿಸತಕ್ಕದ್ದು. ಹೊಕ್ಕುಳಿಗೆ ಟಿಂಕ್ಚರ್ ಅಯೊಡಿನ್ ಹಚ್ಚಬೇಕು.

ಗಿನ್ನುಹಾಲು.— ರೋಗವನ್ನೆದುರಿಸುವ ಶಕ್ತಿಯು ಗರ್ಭದಲ್ಲಿ ತಾಯಿಯಿಂದ ಕರುವಿಗೆ ಬರುವುದಿಲ್ಲ, ಗಿನ್ನುಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿಯು ಕರುಳಿನಲ್ಲಿ ಗಂಟೆಗಂಟೆಗೂ ಕುಂದುತ್ತ ಒಂದು ದಿನದಲ್ಲಿ ಮುಗಿಯುವುದು. ೨೦ ಕಿಲೋಗ್ರಾಂ ತೂಗುವ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲಿಯೇ ೨ ಲೀಟರಿನಷ್ಟು ಉಣಿಸಬೇಕು. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆಯು ಹಾನಿಕರವು. ಕರುವೇ ಚೀಪಿದರೆ ಮಾಸು ಬೀಳಲು ಸಹಾಯವಾಗುವುದು. ಉಸಿರು ಸರಿಯಾಗದ ಕರುವಿಗೆ ಮಾತ್ರ ಗೊಟ್ಟದಿಂದ ಹಾಲೆರೆಯಬಾರದು. ಅದು ಶ್ವಾಸಕೋಶಕ್ಕೆ ಹೋಗಬಹುದು.

ಉಪಚಾರದಿಂದ ಗುಣ ಕಾಣದಿದ್ದಲ್ಲಿ ತಡಮಾಡದೆ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಗಬ್ಬದ ಹಸುವಿರುವ ಮನೆಯಲ್ಲಿ ಒಣಗೋಣಿ, ಅಯೊಡಿನ್, ಶುಭ್ರವಾದ ಬಟ್ಟೆ, ಗಡಿಯಾರಗಳನ್ನು ಮೊದಲೇ ಸಿದ್ಧವಾಗಿಡುವುದು ಯಜಮಾನನ ಕರ್ತವ್ಯವು. ನೆರೆಮನೆಗೆ ಗಿನ್ನು ಕಳುಹಿಸುವ ಸಂಪ್ರದಾಯವು ಒಳ್ಳೆಯದೇ. ಆದರೆ ಮೊದಲ ಪಾಲು ಕರುವಿಗೆ ಸಲ್ಲಲಿ.