ರೇಸ್ ಬೈಕ್ ಟ್ಯೂನಿಂಗ್: ಮೊದಲು ಡೈನೋ, ಕೊನೆಯ ಮಾತು ಟ್ರ್ಯಾಕ್‌ನದು

ಬೆಂಗಳೂರಿನಲ್ಲಿ ಟ್ಯೂನ್ ಮಾಡಿದ ಟೂ ಸ್ಟ್ರೋಕ್ ಎಂಜಿನ್ ಚೆನ್ನೈನಲ್ಲಿ ಸೀಜ್ ಆದರೆ ಅದೃಷ್ಟವನ್ನು ಹಳಿಯಬೇಕಿಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಚೆನ್ನೈ ಸಮೀಪದ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೆ ಟ್ರ್ಯಾಕ್ ಇರುವುದು ಕರಾವಳಿಯ ಬಯಲಿನಲ್ಲಿ. ಅಲ್ಲಿನ ಗಾಳಿ ಹೆಚ್ಚು ದಟ್ಟ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬೆಂಗಳೂರಿನದೇ ಉಳಿದರೆ ಪೆಟ್ರೋಲ್ ಸಾಲದೆ ಮಿಶ್ರಣ ಲೀನ್ ಆಗುತ್ತದೆ. ಹಾಗೆ ಹಾಳಾದ ಪಿಸ್ಟನ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ: ನೆತ್ತಿಯ ನಡುವೆ ಬಟಾಣಿ ಗಾತ್ರದ ತೂತು, ಸುತ್ತಲೂ ಕರಗಿ ಗಟ್ಟಿಯಾದ ಅಲ್ಯೂಮಿನಿಯಂ ಹನಿಗಳು. ಬೈಕನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೋದಲ್ಲಿ ಆ ಎಂಜಿನ್ನಿನ ಗ್ರಾಫ್ ಮಾತ್ರ ಬಲು ಅಂದವಾಗಿತ್ತು.

ಹಾಗೆಂದು ಡೈನೋ ಬಿಡಬೇಡಿ. ಮೊದಲ ಹೆಜ್ಜೆ ಅಲ್ಲೇ. ಚೈನ್ ಬಿಗಿ, ಟೈರಿನ ಗಾಳಿ, ಬೈಕನ್ನು ಕಟ್ಟಿದ ಬೆಲ್ಟಿನ ಬಿಗಿ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಇವು ಬದಲಾದರೂ ಹಿಂಚಕ್ರದ ಎಚ್‌ಪಿ ಬದಲಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ, ಏನನ್ನೂ ಮುಟ್ಟದೆ, ಒಂದೇ ಗೇರಿನಲ್ಲಿ ಮೂರು ಸಲ ಓಡಿಸಿ. ಮೂರೂ ಗೆರೆಗಳು ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಕ್ಲಚ್ಚೋ ಟೈರೋ ಜಾರುತ್ತಿರಬಹುದು, ಅದನ್ನು ಸರಿಪಡಿಸಿಯೇ ಮುಂದುವರಿಯಿರಿ.

ಬಳಿಕ ಒಂದು ಸಲಕ್ಕೆ ಒಂದೇ ಬದಲಾವಣೆ. ಜೆಟ್ ಆದರೆ ಜೆಟ್, ಟೈಮಿಂಗ್ ಆದರೆ ಟೈಮಿಂಗ್. ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ ಫುಲ್ ಥ್ರಾಟಲ್‌ನಲ್ಲಿ ಗಾಳಿ–ಇಂಧನ ಅನುಪಾತ 12.5ರಿಂದ 13ರ ಆಸುಪಾಸಿನಲ್ಲಿರಲಿ. ಟೂ ಸ್ಟ್ರೋಕ್‌ನಲ್ಲಿ ಸುಡದ ಗಾಳಿಯೂ ಸೈಲೆನ್ಸರಿಗೆ ನುಗ್ಗುವುದರಿಂದ ಸೆನ್ಸರಿನ ಅಂಕಿಯನ್ನು ಪೂರ್ತಿ ನಂಬಬೇಡಿ.

ಗ್ರಾಫಿನ ತುದಿಗೆ ಮರುಳಾಗುವವರೇ ಹೆಚ್ಚು. ನೀವು 9,000 ಆರ್‌ಪಿಎಮ್‌ಗೆ ಗೇರ್ ಬದಲಿಸಿದಾಗ ಮುಂದಿನ ಗೇರ್ 7,000ಕ್ಕೆ ಬೀಳುವುದಾದರೆ, ನಿಮಗೆ ಬೇಕಾದ್ದು ಆ ಎರಡರ ನಡುವಿನ ಶಕ್ತಿ. ತುದಿಯಲ್ಲಿ ಅರ್ಧ ಎಚ್‌ಪಿ ಗಳಿಸಿ ನಡುವೆ ಎರಡು ಕಳೆದುಕೊಂಡರೆ ನಷ್ಟವೇ. ಇನ್ನೊಂದು ವಿಷಯ: ಡೈನೋದ ಸಾಫ್ಟ್‌ವೇರ್ ಆ ದಿನದ ಹವೆಗೆ ತಕ್ಕಂತೆ ಎಚ್‌ಪಿಯ ಅಂಕಿಯನ್ನು ತಿದ್ದುತ್ತದೆ. ನಿಮ್ಮ ಜೆಟ್ಟನ್ನು ಅದು ತಿದ್ದುವುದಿಲ್ಲ.

ಇನ್ನು ಟ್ರ್ಯಾಕ್. ಚೆನ್ನೈಗೆ ಹೊರಟರೆ ಡೈನೋದಲ್ಲಿ ಹೊಂದಿದ್ದಕ್ಕಿಂತ ಒಂದೆರಡು ನಂಬರ್ ದೊಡ್ಡ ಜೆಟ್ಟಿನಿಂದಲೇ ಶುರುಮಾಡಿ, ನಂತರ ಒಂದೊಂದೇ ಇಳಿಸಿ. ಪ್ರ್ಯಾಕ್ಟೀಸ್‌ನಲ್ಲಿ ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಟ್ರ್ಯಾಕಿನ ಉದ್ದದ ನೇರ ಭಾಗದಲ್ಲಿ ಫುಲ್ ಥ್ರಾಟಲ್‌ನಲ್ಲಿ ಹೋಗಿ, ಕಿಲ್ ಸ್ವಿಚ್ ಒತ್ತುತ್ತಲೇ ಕ್ಲಚ್ ಹಿಡಿಯಿರಿ. ಹಿಂದಿನವರಿಗೆ ಕೈಯೆತ್ತಿ ತೋರಿಸಿ ಪಕ್ಕಕ್ಕೆ ಸರಿಯಿರಿ. ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿಯ ಬುಡ ನೋಡಿ: ತಿಳಿಗಂದು ಇದ್ದರೆ ಹದ, ಸುಣ್ಣದ ಬಿಳುಪಾದರೆ ಲೀನ್, ಮಸಿಯಾದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಬಿಳುಪಾಗಿದ್ದರೆ ಆ ಜೆಟ್ಟಿನಲ್ಲಿ ಇನ್ನೊಂದು ಲ್ಯಾಪ್ ಕೂಡ ಬೇಡ.

ಜೆಟ್‌ಗಳನ್ನು ಹೋಲಿಸುವಾಗ ಇಡೀ ಲ್ಯಾಪಿನ ಸಮಯಕ್ಕಿಂತ ಒಂದು ನೇರ ಭಾಗದ ಸಮಯ ಹಿಡಿಯಿರಿ. ತಿರುವಿನಲ್ಲಿ ಸವಾರನ ಕೈಚಳಕ ಲೆಕ್ಕ ಕೆಡಿಸುತ್ತದೆ. ಹೊತ್ತು, ತಾಪಮಾನ, ಜೆಟ್ ನಂಬರ್ ನೋಟ್‌ಬುಕ್ಕಿಗೆ ಹೋಗಲಿ.

ಟ್ರ್ಯಾಕ್ ದೂರ, ಬಾಡಿಗೆ ದುಬಾರಿ ಎಂದು ಬೆಳಗಿನ ಜಾವ ಹೆದ್ದಾರಿಯಲ್ಲಿ ಈ ಪರೀಕ್ಷೆ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಆ ಹೊತ್ತಿಗೆ ಹಾಲಿನ ಗಾಡಿಯವರು, ವಾಕಿಂಗ್ ಹೊರಟ ಹಿರಿಯರು ಅದೇ ರಸ್ತೆಯಲ್ಲಿರುತ್ತಾರೆ.